ಒಂದು ಗಂಡು, ಆರು ಹೆಣ್ಣು: ಲಾವಕ್ಕಿಗಳ ಗುಂಪು ಕಟ್ಟಿದ ಬಗೆ

ಐದನೇ ವಾರದವರೆಗೆ ಲಾವಕ್ಕಿ ಮರಿಗಳಷ್ಟು ಸಾಧು ಜೀವ ಇನ್ನೊಂದಿಲ್ಲ. ಒಂದರ ಮೇಲೊಂದು ಬಿದ್ದು ಮಲಗುತ್ತವೆ, ಒಂದೇ ತಟ್ಟೆಗೆ ಹತ್ತು ತಲೆ ಹಾಕಿ ತಿನ್ನುತ್ತವೆ. ಆರನೇ ವಾರಕ್ಕೆ ಗಂಡುಗಳ ದನಿ ಒಡೆಯುತ್ತದೆ. ಮೂರು ತುಂಡಾಗಿ ಕೇಳುವ ಆ ಕರ್ಕಶ ಕೂಗು ಶುರುವಾಗಿ ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಅದೇ ಪೆಟ್ಟಿಗೆಯಲ್ಲಿ ನೆತ್ತಿ ಸುಲಿದ ಹಕ್ಕಿಯೊಂದು ಮೂಲೆಗೆ ಮುಖ ಹಾಕಿ ನಿಂತಿರುತ್ತದೆ. ‘ನಮಗೆ ಜಗಳಗಂಟ ಹಕ್ಕಿ ಸಿಕ್ಕಿತು’ ಎಂದು ಹೆಚ್ಚಿನವರು ಹೇಳುವುದು ಆಗಲೇ. ಹಕ್ಕಿಯ ಸ್ವಭಾವಕ್ಕೆ ಇದರಲ್ಲಿ ಪಾಲು ಇದೆ, ಆದರೆ ಅದು ಕೊನೆಯ ಪಾಲು. ಎಷ್ಟು ಗಂಡು, ಎಷ್ಟು ಜಾಗ, ಏನು ಆಹಾರ, ಎಷ್ಟು ಹೊತ್ತು ಬೆಳಕು ಎಂಬ ನಾಲ್ಕು ಲೆಕ್ಕ ಸರಿಯಾದ ಮೇಲೂ ಜಗಳ ಉಳಿದರೆ ಮಾತ್ರ ಸ್ವಭಾವದ ಮಾತು.

ಇಲ್ಲಿ ಹೇಳುತ್ತಿರುವುದು ಜಪಾನಿ ಲಾವಕ್ಕಿಯ ವಿಷಯ. ಕೋಳಿ ಅಂಗಡಿಯಲ್ಲಿ ಕ್ವೇಲ್ ಎಂದೋ, ಗೌಜಲಕ್ಕಿ ಎಂದೋ, ತಮಿಳು ಬಲ್ಲ ಅಂಗಡಿಗಳಲ್ಲಿ ಕಾಡೆ ಎಂದೋ ಕೇಳಿದರೆ ಕೊಡುವುದು ಇದನ್ನೇ. (ಹಕ್ಕಿ ನೋಡುವ ಹವ್ಯಾಸದವರಿಗೆ ಗೌಜಲಕ್ಕಿ ಎಂದರೆ ಬೇಲಿಸಾಲಲ್ಲಿ ಕೂಗುವ ಬೇರೆಯೇ ಹಕ್ಕಿ. ಅಂಗಡಿಗೆ ಬರುವಷ್ಟರಲ್ಲಿ ಹೆಸರು ಬೆರೆತಿದೆ.) 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತಂದ ಹಕ್ಕಿಗಳಿಂದ ಇದರ ಸಾಕಣೆ ನಮ್ಮಲ್ಲಿ ಹರಡಿತು. ನಮ್ಮ ಹೊಲಗಳ ಕಾಡು ಲಾವಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬಲೆ ಹಾಕಿ ಹಿಡಿದ ಹಕ್ಕಿಯನ್ನು ಸಂತೆಯಲ್ಲಿ ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಅದು ಅಪರಾಧ, ಮೇಲಾಗಿ ಅಂಥ ಹಕ್ಕಿ ಪಂಜರದಲ್ಲಿ ಗಾಬರಿಬಿದ್ದೇ ಸಾಯುತ್ತದೆ.

ಈ ಬರಹಕ್ಕೆ ಆಧಾರ ಜುಲೈ ಮೊದಲ ವಾರ ಬಂದ 24 ಮರಿಗಳ ಒಂದು ತಂಡ. ಒಂದು ದಿನದ ಮರಿಗಳು, ತಲಾ ಎಂಟು ಗ್ರಾಂ ಆಸುಪಾಸು ತೂಕ. 90 × 60 ಸೆಂ.ಮೀ. ರಟ್ಟಿನ ಪೆಟ್ಟಿಗೆ, ಒಂದು ತುದಿಯಲ್ಲಿ ಮಾತ್ರ 60 ವ್ಯಾಟಿನ ಬಲ್ಬು. ಬಲ್ಬಿನ ಕೆಳಗೆ ಮೊದಲ ವಾರ 36 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಕೆ. ಇನ್ನೊಂದು ತುದಿ ತಣ್ಣಗೇ ಇರಬೇಕು, ಸೆಕೆಯಾದ ಮರಿ ಅಲ್ಲಿಗೆ ಓಡಬೇಕು. ಬರೀ ವೃತ್ತಪತ್ರಿಕೆ ಹಾಸಿದರೆ ಕಾಲು ಜಾರಿ ಎರಡು ಕಡೆಗೆ ಅಗಲಿ ಕುಂಟಾಗುತ್ತವೆ, ಆದ್ದರಿಂದ ಮೊದಲ ಐದು ದಿನ ಒರಟು ಗೋಣಿಬಟ್ಟೆ, ಆಮೇಲೆ ಭತ್ತದ ಹೊಟ್ಟು. ನೀರಿನ ಮುಚ್ಚಳದ ತುಂಬ ಸಣ್ಣ ಕಲ್ಲು. ಕಲ್ಲಿಲ್ಲದ ಮುಚ್ಚಳದಲ್ಲಿ ಅರ್ಧ ಇಂಚು ನೀರಿಗೂ ಈ ಮರಿ ಮುಳುಗಿ ಸಾಯುತ್ತದೆ.

ಕುಕ್ಕುವ ಚಾಳಿ ಹತ್ತುವುದು ಈ ಪೆಟ್ಟಿಗೆಯಲ್ಲೇ. ಎರಡನೇ ದಿನ ಎರಡು ಮರಿಗಳು ಪಕ್ಕದವುಗಳ ಕಾಲ್ಬೆರಳು ಕುಕ್ಕುತ್ತಿದ್ದವು. ಕಾರಣ ಸಿಟ್ಟಲ್ಲ, ಹಸಿವು. ಆಹಾರದ ತಟ್ಟೆ ಬಲ್ಬಿನಿಂದ ದೂರ ಇತ್ತು. ತಿನ್ನುವುದು ಯಾವುದು ಎಂದು ತಿಳಿಯದ ಮರಿಗೆ ಹೊಳೆಯುವ ಬೆರಳೇ ಕಾಳು. ಆಹಾರವನ್ನು ಸಣ್ಣಗೆ ಮಾಡಿ ಬಲ್ಬಿನ ಹತ್ತಿರವೇ ಬಟ್ಟೆಯ ಮೇಲೆ ಚೆಲ್ಲಿದಾಗ ಅದೇ ಸಂಜೆಗೆ ನಿಂತಿತು. ಬಿಳಿ ಬಲ್ಬು ತೆಗೆದು ಕೆಂಪು ಬಲ್ಬು ಹಾಕಿದ್ದೂ ಒಳ್ಳೆಯದಾಯಿತು. ಕೆಂಪು ಬೆಳಕಿನಲ್ಲಿ ಚರ್ಮದ ಮೇಲಿನ ರಕ್ತದ ಚುಕ್ಕೆ ಎದ್ದು ಕಾಣುವುದಿಲ್ಲ. ಒಂದು ಮರಿ ಮೂರನೇ ದಿನ ಸತ್ತಿತು, ಉಳಿದದ್ದು 23.

ಮೂರು ವಾರ ತುಂಬಿದಾಗ ಎದೆ ನೋಡಿ ಗಂಡು ಹೆಣ್ಣು ವಿಂಗಡಿಸಿದ್ದು. ಮಾಮೂಲಿ ಕಂದು ಬಣ್ಣದ ಹಕ್ಕಿಯಾದರೆ ಇದು ಸುಲಭ. ಗಂಡಿನ ಎದೆ ಇಟ್ಟಿಗೆಪುಡಿ ಬಣ್ಣ, ಚುಕ್ಕೆ ಇಲ್ಲ. ಹೆಣ್ಣಿನ ಎದೆ ಮಾಸಲು, ಅದರ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಬಿಳಿ ಹಕ್ಕಿಯಲ್ಲಿ ಈ ಗುರುತು ನಡೆಯುವುದಿಲ್ಲ, ಆರು ವಾರ ಕಾಯಬೇಕು. ಆಗ ಗಂಡಿನ ಗುದದ್ವಾರದ ಮೇಲೆ ಕೆಂಪಗೆ ಒಂದು ಗುಬುಟು ಎದ್ದಿರುತ್ತದೆ. ಮೆಲ್ಲಗೆ ಒತ್ತಿದರೆ ಶೇವಿಂಗ್ ಕ್ರೀಮಿನಂಥ ಬಿಳಿ ನೊರೆ ಬರುತ್ತದೆ. ಗುರುತಿಗೆ ಬಣ್ಣದ ಪ್ಲಾಸ್ಟಿಕ್ ಟ್ಯಾಗನ್ನು ಕಾಲಿಗೆ ಸಡಿಲವಾಗಿ, ಒಂದು ಬೆಂಕಿಕಡ್ಡಿ ಒಳಗೆ ತೂರುವಷ್ಟು ಬಿಟ್ಟು ಹಾಕಿದೆವು. ವಾರಕ್ಕೊಮ್ಮೆ ನೋಡಿ ಬದಲಿಸದಿದ್ದರೆ ಬೆಳೆಯುವ ಕಾಲಿಗೆ ಅದೇ ಉರುಳು.

ಲೆಕ್ಕ ಹೀಗೆ ಬಂತು: 12 ಹೆಣ್ಣು, 11 ಗಂಡು. ವಿಂಗಡಿಸದ ಮರಿ ತಂದ ಯಾರಿಗೂ ಹೆಚ್ಚುಕಡಿಮೆ ಇದೇ ಬರುತ್ತದೆ. ಆದರೆ ಒಂದು ಗಂಡಿಗೆ ಕನಿಷ್ಠ ನಾಲ್ಕೈದು ಹೆಣ್ಣು ಬೇಕು. ಮೊಟ್ಟೆ ಮರಿಯಾಗಲೇಬೇಕು ಎನ್ನುವ ಫಾರಂನವರು ಒಂದಕ್ಕೆ ಎರಡೋ ಮೂರೋ ಬಿಡುತ್ತಾರೆ. ಅಲ್ಲಿ ಹೆಣ್ಣುಗಳ ಹಿಂಗತ್ತು ಬೋಳಾಗುವುದು ಮಾಮೂಲು. ಮುದ್ದಿಗೆ ಸಾಕುವವರು ಆ ಲೆಕ್ಕ ಹಿಡಿಯಬಾರದು. ಕೂಡುವಾಗ ಗಂಡು ಹೆಣ್ಣಿನ ಹಿಂಗತ್ತಿನ ಗರಿಯನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿಯುತ್ತದೆ, ಕೆಲವೇ ಕ್ಷಣದ ಕೆಲಸ. ದಿನಕ್ಕೆ ಹತ್ತಾರು ಸಲ ಅದೇ ಒಂದೆರಡು ಕತ್ತುಗಳ ಮೇಲೆ ಅದು ನಡೆದರೆ ಮೊದಲು ಗರಿ ಹೋಗುತ್ತದೆ, ಆಮೇಲೆ ಚರ್ಮ. ಅದಕ್ಕೇ ಇಲ್ಲಿ ಒಂದಕ್ಕೆ ಆರರ ಎರಡು ಗುಂಪು ಮಾಡಿದ್ದು. ಹೆಚ್ಚಾಗಿ ಉಳಿದ ಗಂಡು ಒಂಬತ್ತು. ಅವುಗಳ ಪಾಡು ಮುಂದೆ ಹೇಳುತ್ತೇವೆ.

ಒಂದೇ ಗೂಡಿನಲ್ಲಿ ಎರಡು ಗಂಡು ಬಿಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಆಳು ನಡೆದಾಡುವಷ್ಟು ದೊಡ್ಡ ಮನೆಯಿದ್ದು, ಹತ್ತು ಹನ್ನೆರಡು ಹೆಣ್ಣಿದ್ದು, ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಮರೆಗಳಿದ್ದರೆ ಕೆಲವು ತಿಂಗಳು ನಡೆಯುತ್ತದೆ. ಪಂಜರದಲ್ಲಿ ನಡೆಯುವುದಿಲ್ಲ. ಗಂಡು ಲಾವಕ್ಕಿಯ ಈ ಹಟ ಹೊಸದೇನಲ್ಲ. ನಮ್ಮ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲೇ ‘ಮೇಷಕುಕ್ಕುಟಲಾವಕಯುದ್ಧವಿಧಿ’ ಎಂಬುದೊಂದಿದೆ. ಟಗರು, ಹುಂಜ, ಲಾವಕ್ಕಿ ಈ ಮೂರರ ಕಾಳಗ ನಡೆಸುವ ವಿದ್ಯೆ ಅದು. ಹುಂಜದ ಪಕ್ಕದಲ್ಲಿ ಅಂಗೈಯಗಲದ ಈ ಹಕ್ಕಿಯನ್ನು ನಿಲ್ಲಿಸಿದ್ದಾರೆಂದರೆ ಅದರ ಕೆಚ್ಚು ಎಂಥದೆಂದು ಅಂದಿನವರಿಗೆ ಚೆನ್ನಾಗಿ ಗೊತ್ತಿತ್ತು.

ಹನ್ನೊಂದರಲ್ಲಿ ಎರಡನ್ನು ಆರಿಸಲು ಒಂದು ವಾರ ತೆಗೆದುಕೊಂಡೆವು. ಎಲ್ಲಕ್ಕಿಂತ ದಪ್ಪನೆಯದನ್ನೋ, ಮೊದಲು ಕೂಗಿದ್ದನ್ನೋ ಆರಿಸುವುದು ತಪ್ಪು. ನೋಡಬೇಕಾದ್ದು ಎರಡು ನಡತೆ. ಒಂದು, ಹುಳ ಸಿಕ್ಕಿದಾಗ ಏನು ಮಾಡುತ್ತದೆ ಎಂಬುದು. ಒಳ್ಳೆಯ ಗಂಡು ಹುಳವನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗಿಟ್ಟು, ಮತ್ತೆ ಎತ್ತಿ, ಸಣ್ಣ ದನಿಯಲ್ಲಿ ಹೆಣ್ಣನ್ನು ಕರೆಯುತ್ತದೆ, ತಾನು ತಿನ್ನುವುದಿಲ್ಲ. ಎರಡು, ಹೆಣ್ಣು ಓಡಿಹೋದರೆ ಏನು ಮಾಡುತ್ತದೆ. ನಾಲ್ಕು ಹೆಜ್ಜೆ ಬೆನ್ನಟ್ಟಿ ಬಿಡುವುದು ಬೇಕು, ಮೂಲೆಗೆ ಒತ್ತಿ ನಿಲ್ಲುವುದು ಬೇಡ. ಪ್ರತಿಯೊಂದನ್ನೂ ಎರಡು ಹೆಣ್ಣುಗಳ ಜೊತೆ ಅರ್ಧ ಗಂಟೆ ಬಿಟ್ಟು, ಗೆದ್ದಲಿನ ಹುಳ ಹಾಕಿ ನೋಡಿದೆವು. ಐದನೇ ವಾರ ಒಮ್ಮೆ, ಏಳನೇ ವಾರ ಇನ್ನೊಮ್ಮೆ ನೋಡುವುದು ಒಳ್ಳೆಯದು. ಐದರಲ್ಲಿ ಮೃದುವಾಗಿದ್ದ ಒಂದು ಹಕ್ಕಿ ಏಳರಲ್ಲಿ ಬದಲಾಗಿತ್ತು.

ಗೂಡಿನ ಅಳತೆಗೆ ಬರೋಣ. ಒಂದು ಹಕ್ಕಿಗೆ ಒಂದು ಚದರ ಅಡಿ ನೆಲ ನಮ್ಮ ಕನಿಷ್ಠ. ಫಾರಂಗಳಲ್ಲಿ ಒಂದು ಹಕ್ಕಿಗೆ 150ರಿಂದ 200 ಚದರ ಸೆಂ.ಮೀ. ಕೊಡುತ್ತಾರೆ, ಅಂದರೆ ನಾವು ಹೇಳುವುದರ ಐದನೇ ಒಂದು ಭಾಗ. ಏಳು ಹಕ್ಕಿಗೆ 120 × 60 ಸೆಂ.ಮೀ. ಗೂಡು ಮಾಡಿಸಿದೆವು, ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್. ಒಂದು ಇಂಚಿನ ಜಾಲರಿ ಅಗ್ಗ, ಆದರೆ ಹೆಗ್ಗಣ ಅದರೊಳಗೆ ಮೂತಿ ಹಾಕಿ ಮಲಗಿದ ಹಕ್ಕಿಯ ಕಾಲು ಕಡಿಯುತ್ತದೆ, ಹಾವಿಗಂತೂ ಅದು ಹೆಬ್ಬಾಗಿಲು. ಎತ್ತರದ ವಿಷಯದಲ್ಲಿ ಮಧ್ಯದ ದಾರಿಯೇ ಇಲ್ಲ. ಒಂದೋ 30 ಸೆಂ.ಮೀ. ಒಳಗಿರಬೇಕು, ಇಲ್ಲವೇ ಆರು ಅಡಿಗಿಂತ ಮೇಲಿದ್ದು ಚಾವಣಿಗೆ ಮೆತ್ತನೆಯ ಬಲೆ ಇರಬೇಕು. ಲಾವಕ್ಕಿ ಬೆದರಿದರೆ ಪಕ್ಕಕ್ಕೆ ಓಡುವುದಿಲ್ಲ, ಬಾಣದಂತೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಎರಡು ಮೂರು ಅಡಿ ಎತ್ತರದ ಗೂಡಿನಲ್ಲಿ ಪೂರ್ತಿ ವೇಗಕ್ಕೆ ಬಂದ ಹೊತ್ತಿಗೇ ಕಬ್ಬಿಣಕ್ಕೆ ತಲೆ ಬಡಿದು ಕತ್ತು ಮುರಿಯುತ್ತದೆ. ನೆತ್ತಿಯಿಂದ ರಕ್ತ ಬಂದರೆ ಇನ್ನೊಂದು ಹಕ್ಕಿ ಅದನ್ನೇ ಕುಕ್ಕಲು ಶುರು ಮಾಡುತ್ತದೆ. ಕುಕ್ಕಿದ ಗಾಯ ಎಂದು ನಾವು ತಿಳಿದದ್ದು ಎಷ್ಟೋ ಸಲ ಮೊದಲು ಬಡಿದ ಗಾಯವೇ ಆಗಿರುತ್ತದೆ. ನಮ್ಮ ಗೂಡು 30 ಸೆಂ.ಮೀ., ಮುಚ್ಚಳದ ಕೆಳಗೆ ಶೇಡ್ ನೆಟ್ ಸಡಿಲವಾಗಿ ಕಟ್ಟಿದೆ.

ನೆಲ ಜಾಲರಿಯದಲ್ಲ, ಹಲಗೆಯದು. ಮೇಲೆ ನಾಲ್ಕು ಬೆರಳು ಭತ್ತದ ಹೊಟ್ಟು. ಹಾಸು ಹಸಿಯಾದರೆ ಹಿಕ್ಕೆ ಬೆರಳ ತುದಿಗೆ ಮೆತ್ತಿ ಒಣಗಿ ಕಡಲೆಕಾಳಿನಂಥ ಗಟ್ಟಿ ಉಂಡೆಯಾಗುತ್ತದೆ, ಕೀಳಲು ಹೋದರೆ ಉಗುರೇ ಬರುತ್ತದೆ. ಉಗುರುಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಬಿಡಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಹಾಸನ್ನು ಎರಡು ದಿನಕ್ಕೊಮ್ಮೆ ಕೆದಕಿ ವಾರಕ್ಕೊಮ್ಮೆ ಬದಲಿಸದೆ ಗತಿಯಿಲ್ಲ, ಬಯಲುಸೀಮೆಯಲ್ಲಿ ಮೂರು ವಾರ ಬರುತ್ತದೆ.

ಒಳಗಿನ ಸಾಮಾನುಗಳಲ್ಲಿ ಮರೆಗಳೇ ಮುಖ್ಯ. ಮೊದಲು ಒಂದೇ ಬಾಯಿಯ ಮಡಕೆಗಳನ್ನು ಅಡ್ಡ ಮಲಗಿಸಿಟ್ಟಿದ್ದೆವು. ಬೆನ್ನಟ್ಟಿಸಿಕೊಂಡ ಹಕ್ಕಿ ಅದರೊಳಗೆ ನುಗ್ಗಿತು, ಹಿಂದೆಯೇ ಬೆನ್ನಟ್ಟಿದ್ದೂ ನುಗ್ಗಿ ಬಾಯಿ ಕಟ್ಟಿತು. ಅಡಗುವ ಜಾಗಕ್ಕೆ ಎರಡು ಬಾಗಿಲು ಇರಲೇಬೇಕು. ಈಗ ಇರುವುದು ಉದ್ದಕ್ಕೆ ಸೀಳಿದ ಹಳೆಯ ಪೈಪಿನ ತುಂಡು, ಎರಡು ಕಡೆ ಕತ್ತರಿಸಿದ ರಟ್ಟಿನ ಪೆಟ್ಟಿಗೆ, ನಡುವೆ ಅಡ್ಡಡ್ಡ ನಿಲ್ಲಿಸಿದ ಒಣಹುಲ್ಲಿನ ಎರಡು ಕಂತೆ. ಕಂತೆಗಳು ದೃಷ್ಟಿ ತಡೆಯುತ್ತವೆ. ಗಂಡಿನ ಕಣ್ಣಿಗೆ ಬೀಳದೆ ಹೋದ ಹೆಣ್ಣನ್ನು ಅದು ಅಷ್ಟಕ್ಕೇ ಮರೆಯುತ್ತದೆ. ಆಹಾರ, ನೀರು ಎರಡೂ ತುದಿಯಲ್ಲಿ ಒಂದೊಂದು. ಒಂದೇ ತಟ್ಟೆ ಇಟ್ಟರೆ ಒಂದು ಹಕ್ಕಿ ಅದರ ಯಜಮಾನನಾಗಿ ನಿಲ್ಲುತ್ತದೆ. ಧೂಳು ಮೀಯಲು 30 × 40 ಸೆಂ.ಮೀ. ಟ್ರೇ, ನಾಲ್ಕು ಪಾಲು ಒಣ ಮರಳಿಗೆ ಒಂದು ಪಾಲು ಜರಡಿ ಹಿಡಿದ ಸೌದೆಯ ಬೂದಿ. ಅದು ಇಲ್ಲದಿದ್ದರೆ ಮೈಗೆ ಹೇನು ಹತ್ತಿ, ಕೆರೆತಕ್ಕೆ ತನ್ನ ಗರಿ ತಾನೇ ಕಿತ್ತು, ಕೊನೆಗೆ ಪಕ್ಕದ್ದರ ಗರಿಗೂ ಬಾಯಿ ಹಾಕುತ್ತದೆ.

ಐದನೇ ವಾರದ ಕೊನೆಗೆ, ಅಂದರೆ ದನಿ ಒಡೆಯುವ ಮೊದಲೇ, ಎಲ್ಲವನ್ನೂ ಅವುಗಳ ಗೂಡಿಗೆ ಸೇರಿಸಿದೆವು. ಈ ವಯಸ್ಸಿಗೆ ಜೊತೆಯಾದವು ಮುಂದೆ ಒಂದನ್ನೊಂದು ಸಹಿಸುತ್ತವೆ. ಎಂಟನೇ ವಾರದ ಮೇಲೆ ಅಪರಿಚಿತ ಹಕ್ಕಿಗಳನ್ನು ಕೂಡಿಸುವುದು ಬೇರೆಯೇ ಕಷ್ಟ.

ಆಹಾರದಲ್ಲಿ ಆದ ತಪ್ಪನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಜಗಳದ ಕಾರಣ ಇಲ್ಲಿರಬಹುದೆಂದು ಯಾರೂ ಹುಡುಕುವುದಿಲ್ಲ. ಏಳನೇ ವಾರ ಮೊಟ್ಟೆ ಶುರುವಾದಾಗ ಮೊಟ್ಟೆಕೋಳಿಗಳಿಗೆ ಹಾಕುವ ಲೇಯರ್ ಫೀಡಿಗೆ ಬದಲಾಯಿಸಿದೆವು. ಅದರಲ್ಲಿ ಪ್ರೋಟೀನು ಶೇ. 17ರ ಆಸುಪಾಸು. ಮೊಟ್ಟೆ ಇಡುವ ಲಾವಕ್ಕಿಗೆ ಶೇ. 20 ಬೇಕು. ಎರಡು ವಾರದಲ್ಲಿ ಒಂದು ಗುಂಪಿನ ಹೆಣ್ಣುಗಳು ಬಾಲದ ಬುಡದ ಗರಿ ಕಿತ್ತು ತಿನ್ನತೊಡಗಿದವು. ನೆಲದಲ್ಲಿ ಉದುರಿದ ಗರಿ ಒಂದೂ ಕಾಣದಿದ್ದದ್ದೇ ಸುಳಿವು. ಬರೀ ಜಗಳವಾದರೆ ಗರಿ ನೆಲದಲ್ಲಿ ಬಿದ್ದಿರುತ್ತದೆ, ಪ್ರೋಟೀನು ಸಾಲದಿದ್ದರೆ ಗರಿ ಹೊಟ್ಟೆಗೆ ಹೋಗಿರುತ್ತದೆ. ಪರಿಹಾರ ಸರಳ: ಲೇಯರ್ ಫೀಡ್ ಒಂದು ಪಾಲು, ಬ್ರಾಯ್ಲರ್ ಪ್ರೀ-ಸ್ಟಾರ್ಟರ್ (ಮಾಂಸದ ಕೋಳಿಯ ಎಳೆ ಮರಿಗಳ ಆಹಾರ, ಪ್ರೋಟೀನು ಶೇ. 23) ಒಂದು ಪಾಲು. ಬೆರೆತಾಗ ಶೇ. 20. ಆದರೆ ಸ್ಟಾರ್ಟರಿನಲ್ಲಿ ಸುಣ್ಣದಂಶ ಕಡಿಮೆ, ಬೆರೆಸಿದ್ದರಲ್ಲಿ ಅದು ಶೇ. 2.3ರ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಬೇಕು. ಆಹಾರಕ್ಕೇ ಬೆರೆಸಿದರೆ ಗಂಡೂ ಬೇಡದ ಸುಣ್ಣ ತಿನ್ನಬೇಕಾಗುತ್ತದೆ. ಬಟ್ಟಲಿನಿಂದಾದರೆ ಬೇಕಾದ ಹೆಣ್ಣು ಬೇಕಾದಷ್ಟು ತಿನ್ನುತ್ತದೆ. ದೊಡ್ಡ ಹಕ್ಕಿಗೆ ದಿನಕ್ಕೆ 20ರಿಂದ 25 ಗ್ರಾಂ ಸಾಕು. ಆಹಾರ ಬದಲಿಸಿದ ಮೂರನೇ ವಾರಕ್ಕೆ ಬಾಲಗಳಲ್ಲಿ ಹೊಸ ಗರಿಮೊಳಕೆ ಬಂತು. ಒಂದು ಎಚ್ಚರ: ಹೊಸ ಗರಿಯ ಕಡ್ಡಿಯಲ್ಲಿ ರಕ್ತ ಇರುತ್ತದೆ, ಅದನ್ನು ಮತ್ತೆ ಕಿತ್ತರೆ ರಕ್ತ ಜಿನುಗಿ ಇಡೀ ಗುಂಪು ಮುಗಿಬೀಳುತ್ತದೆ. ಆ ಹತ್ತು ದಿನ ಗೂಡಿನ ಮೂರು ಕಡೆಗೆ ಗೋಣಿ ಇಳಿಬಿಟ್ಟು ಮಬ್ಬು ಮಾಡಿದ್ದೆವು.

ಯಾವುದು ಮಾಮೂಲಿ ಜಗಳ, ಯಾವುದು ಅಪಾಯ? ಕೊಕ್ಕಿನಿಂದ ಒಂದು ಸಲ ಕುಟುಕುವುದು, ಕುಟುಕಿಸಿಕೊಂಡದ್ದು ಎರಡು ಹೆಜ್ಜೆ ಸರಿಯುವುದು, ಆಮೇಲೆ ಎರಡೂ ತಿನ್ನುವುದು ಮಾಮೂಲು. ಅಷ್ಟರಿಂದಲೇ ಅವು ದೊಡ್ಡವರು ಯಾರು, ಚಿಕ್ಕವರು ಯಾರು ಎಂದು ತೀರ್ಮಾನಿಸಿಕೊಳ್ಳುತ್ತವೆ, ನಡುವೆ ಕೈ ಹಾಕಿದರೆ ತೀರ್ಮಾನ ಮುಂದೆ ಹೋಗುತ್ತದೆ ಅಷ್ಟೆ. ಕತ್ತು ಚಾಚಿ, ಮೈ ನೆಲಕ್ಕೆ ತಗ್ಗಿಸಿ, ಒಂದೇ ಹಕ್ಕಿಯನ್ನು ಮತ್ತೆ ಮತ್ತೆ ಗೂಡೆಲ್ಲ ಅಟ್ಟುವುದು ಅಪಾಯ. ಅದಕ್ಕಿಂತ ಮೊದಲೇ ಕಾಣುವ ಗುರುತೊಂದಿದೆ: ಆಹಾರ ಹಾಕಿದಾಗ ಆರು ಬಂದು ಒಂದು ಬಾರದಿರುವುದು. ದಿನಾ ಬೆಳಗ್ಗೆ ಆಹಾರ ಹಾಕಿದ ಮೇಲೆ ಐದು ನಿಮಿಷ ನಿಂತು ತಲೆ ಎಣಿಸುವುದರಿಂದ ಸಿಗುವ ತಿಳಿವಳಿಕೆ ಬೇರಾವುದರಿಂದಲೂ ಸಿಗದು. ಗೋಡೆಗೆ ಮುಖ ಮಾಡಿ ನಿಂತ ಹಕ್ಕಿಯನ್ನು ಅಂದೇ ಬೇರೆ ಮಾಡಬೇಕು. ರಕ್ತ ಕಂಡರೆ ಆ ಗಳಿಗೆಯಲ್ಲೇ.

ಇನ್ನು ಆ ಒಂಬತ್ತು ಗಂಡುಗಳು. ಗಂಡುಗಳದ್ದೇ ಒಂದು ಗುಂಪು ನಡೆಯುತ್ತದೆ, ಆದರೆ ಮೂರು ಕಟ್ಟಳೆ ಇದೆ. ಮರಿಯಿಂದಲೇ ಜೊತೆಗಿರಬೇಕು, ಹೆಣ್ಣು ಕಣ್ಣಿಗೆ ಬೀಳಬಾರದು, ದನಿಯೂ ಕೇಳಿಸಬಾರದು. ನಮ್ಮಲ್ಲಿ ಮೂರನೆಯದು ಆಗಲಿಲ್ಲ. ಹಿತ್ತಲಿನ ಇನ್ನೊಂದು ತುದಿಯಲ್ಲಿ 180 × 60 ಸೆಂ.ಮೀ. ಗೂಡಿನಲ್ಲಿ ಇಟ್ಟರೂ ಹೆಣ್ಣುಗಳ ಸಿಳ್ಳಿನಂಥ ಸಣ್ಣ ದನಿ ಕೇಳುತ್ತಿತ್ತು. ಏಳನೇ ವಾರ ಒಂದರ ಮೇಲೊಂದು ಏರುವುದು, ನೆತ್ತಿ ಕುಕ್ಕುವುದು ಶುರುವಾಯಿತು. ಏರಿಸಿಕೊಳ್ಳುತ್ತಿದ್ದದ್ದು ಯಾವಾಗಲೂ ಅವೇ ಎರಡು ಹಕ್ಕಿ.

ಇಲ್ಲಿ ಕೆಲಸ ಮಾಡಿದ್ದು ಕತ್ತಲೆ. ಲಾವಕ್ಕಿಯ ಮದ ಬೆಳಕಿನ ಅವಧಿಗೆ ಕಟ್ಟುಬಿದ್ದಿದೆ. ಹಗಲು ಹನ್ನೆರಡು ಗಂಟೆ ದಾಟಿದರೆ ವೃಷಣ ಬೆಳೆಯುತ್ತದೆ, ಎಂಟು ಗಂಟೆಗೆ ಇಳಿಸಿದರೆ ಕುಗ್ಗುತ್ತದೆ. ಬೆಂಗಳೂರಿನ ಸುತ್ತಮುತ್ತ ಡಿಸೆಂಬರಿನ ಹಗಲೇ ಹನ್ನೊಂದು ಗಂಟೆಯ ಮೇಲಿರುತ್ತದೆ, ಜೂನಿನದು ಹದಿಮೂರರ ಹತ್ತಿರ. ಆದ್ದರಿಂದ ನಮ್ಮಲ್ಲಿ ಚಳಿಗಾಲ ತಾನಾಗಿ ಗಂಡನ್ನು ತಣಿಸುವುದಿಲ್ಲ. ಗೂಡಿನ ಮೇಲೆ ದಪ್ಪ ಕಪ್ಪು ಬಟ್ಟೆಯನ್ನು ಸಂಜೆ ಐದಕ್ಕೆ ಇಳಿಸಿ ಬೆಳಗ್ಗೆ ಒಂಬತ್ತಕ್ಕೆ ತೆಗೆಯುತ್ತಾ ಬಂದೆವು. ಬಟ್ಟೆಯ ಕೆಳಗೆ ನೆಲದಿಂದ ಒಂದು ಗೇಣು ಬಿಟ್ಟು, ಬೆಳಕು ನೇರ ಬೀಳದಂತೆ ಮುಂದೆ ಹಲಗೆ ನಿಲ್ಲಿಸಿದರೆ ಗಾಳಿ ಆಡುತ್ತದೆ. ಟಾರ್ಪಾಲು ಹಾಕಿದರೆ ಉಸಿರುಕಟ್ಟುತ್ತದೆ. ಮೊದಲ ವಾರ ಏನೂ ಬದಲಾಗಲಿಲ್ಲ. ಮೂರನೇ ವಾರ ಕೂಗು ಅರ್ಧಕ್ಕಿಳಿಯಿತು, ನಾಲ್ಕನೆಯದರಲ್ಲಿ ಗುದದ್ವಾರದ ಗುಬುಟು ಚಪ್ಪಟೆಯಾಗಿತ್ತು, ನೊರೆ ಇರಲಿಲ್ಲ. ಎರಡು ದಿನ ಬಟ್ಟೆ ಮರೆತರೂ ಇದು ಕೆಡಬಹುದು. ರಾತ್ರಿ ಒಂದು ಗಳಿಗೆ ಬೀಳುವ ಬೆಳಕೂ ಅದರ ಮೈಗೆ ಹಗಲಿನ ಲೆಕ್ಕಕ್ಕೇ ಸೇರುತ್ತದೆ. ಈ ಗುಂಪಿಗೆ ಲೇಯರ್ ಫೀಡ್ ಬೇಡ, ಸುಣ್ಣ ಹೆಚ್ಚಾಗಿ ಮೂತ್ರಪಿಂಡ ಕೆಡುತ್ತದೆ.

ಹಾಗಿದ್ದೂ ಒಂಬತ್ತೂ ಉಳಿಯಲಿಲ್ಲ. ಏರಿಸಿಕೊಳ್ಳುತ್ತಿದ್ದ ಎರಡು ಮತ್ತು ಎಲ್ಲವನ್ನೂ ಅಟ್ಟುತ್ತಿದ್ದ ಒಂದನ್ನು, ಬರೀ ಹೆಣ್ಣುಗಳನ್ನು ಇಟ್ಟುಕೊಂಡಿದ್ದ ಬೇರೆ ಬೇರೆ ಮನೆಗಳಿಗೆ ಕೊಟ್ಟೆವು. ಆರು ಉಳಿದವು, ಶಾಂತವಾಗಿವೆ. ಎಲ್ಲರಿಗೂ ಇಂಥ ಮನೆಗಳು ಸಿಗುವುದಿಲ್ಲ. ಮರಿ ತರುವ ಮೊದಲೇ ಹೆಚ್ಚುವರಿ ಗಂಡುಗಳಿಗೆ ಏನು ದಾರಿ ಎಂದು ಗಟ್ಟಿ ಮಾಡಿಕೊಳ್ಳಬೇಕು. ಮಾಂಸಕ್ಕೆ ಕೊಡುವುದು ಮನಸ್ಸಿಗೆ ಒಗ್ಗದವರು ಮರಿ ತರಲೇಬಾರದು. ಎದೆಯ ಬಣ್ಣ ಬಂದ ನಾಲ್ಕು ವಾರದ ಹಕ್ಕಿಗಳನ್ನೇ ಆರಿಸಿ ತರಬೇಕು. ‘ಹೊಲದಲ್ಲಿ ಬಿಟ್ಟುಬಿಡೋಣ’ ಎಂಬುದಂತೂ ಬೇಡವೇ ಬೇಡ. ಸಾಕಿದ ಹಕ್ಕಿ ಮುಂಗುಸಿಗೆ ಒಂದು ದಿನದ ತುತ್ತು. ಬದುಕಿದರೆ ಕಾಡಿನ ಲಾವಕ್ಕಿಯೊಡನೆ ಕೂಡಿ ಅವುಗಳ ತಳಿ ಕೆಡಿಸುತ್ತದೆ.

ನವೆಂಬರಿನಲ್ಲಿ ಮೊದಲ ಗುಂಪಿನ ಒಂದು ಹೆಣ್ಣು ಮೊಟ್ಟೆ ಸಿಕ್ಕಿಕೊಂಡು ಸತ್ತಿತು. ಅದರ ಜಾಗಕ್ಕೆ ಹೊರಗಿನಿಂದ ತಂದ ಒಂದೇ ಒಂದು ಹೆಣ್ಣನ್ನು ಮಧ್ಯಾಹ್ನದ ಹೊತ್ತಿಗೆ ನೇರ ಗೂಡಿಗೆ ಬಿಟ್ಟದ್ದು ದೊಡ್ಡ ತಪ್ಪು. ಗಂಡು ಅದನ್ನು ಏರಲು ಹೋಯಿತು, ಅದು ಓಡಿತು, ಓಡಿದ್ದನ್ನು ಕಂಡು ಹಳೆಯ ಹೆಣ್ಣುಗಳು ಅಟ್ಟಿದವು. ಇಪ್ಪತ್ತು ನಿಮಿಷಕ್ಕೆ ಕಣ್ಣಿನ ಮೇಲಿನಿಂದ ಹಿಂಗತ್ತಿನವರೆಗೆ ಚರ್ಮ ಸುಲಿದಿತ್ತು. ಹೆಣ್ಣುಗಳು ಸಾಧು ಎಂಬ ನಂಬಿಕೆ ಗುಂಪಿನೊಳಗಿನ ಮಟ್ಟಿಗೆ ನಿಜ. ಹೊಸಬರ ವಿಷಯದಲ್ಲಿ ಗಂಡಿಗಿಂತ ಕಟು ಅವೇ.

ಸುಲಿದ ನೆತ್ತಿ ನೋಡಲು ಭಯಂಕರ, ಆದರೆ ಆರೈಕೆ ಮಾಡಿದರೆ ಹಕ್ಕಿ ಬದುಕುತ್ತದೆ. ಶುದ್ಧ ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿದ ನೀರಿನಿಂದ ತೊಳೆದು, ಪೊವಿಡೋನ್ ಅಯೋಡಿನ್ನನ್ನು ತಿಳಿಚಹಾ ಬಣ್ಣಕ್ಕೆ ತೆಳುಮಾಡಿ ಹತ್ತಿಯಿಂದ ಹಚ್ಚಬೇಕು, ಕಣ್ಣಿಗೆ ತಾಗಬಾರದು. ನೋವು ನಿವಾರಕ ಬೆರೆತ ಮುಲಾಮು ಹಕ್ಕಿಗೆ ವಿಷವಾಗಬಹುದು, ಹಚ್ಚಬೇಡಿ. ನೊಣ ಕೂತರೆ ಹುಳವಾಗುತ್ತದೆ, ಆದ್ದರಿಂದ ಸೊಳ್ಳೆಪರದೆ ಹೊದಿಸಿದ ಪೆಟ್ಟಿಗೆ. ಕಣ್ಣಿಗೆ ಪೆಟ್ಟಾಗಿದ್ದರೆ, ಮೂಳೆ ಕಾಣುತ್ತಿದ್ದರೆ ಪಶುವೈದ್ಯರಲ್ಲಿಗೆ ಹೋಗಲೇಬೇಕು. ಗಾಯ ಒಣಗಿ ಗರಿ ಮೂಡುವವರೆಗೆ, ಅಂದರೆ ಮೂರು ನಾಲ್ಕು ವಾರ, ಗುಂಪಿಗೆ ಬಿಡುವಂತಿಲ್ಲ. ಗುಂಪಿನದೇ ಹಕ್ಕಿಯಾಗಿದ್ದರೆ ಪೆಟ್ಟಿಗೆಯನ್ನು ಗೂಡಿನ ಎದುರೇ ಇಡಿ. ಕಣ್ಣಿಂದ ಮರೆಯಾದ ಹಕ್ಕಿ ಕೆಲವೇ ದಿನದಲ್ಲಿ ಗುಂಪಿಗೆ ಪರಕೀಯ.

ಎರಡನೇ ಸಲ ಸರಿಯಾಗಿ ಮಾಡಿದೆವು. ಗಾಯ ಮಾಗಿದ ಆ ಹೆಣ್ಣಿಗೆ ಜೊತೆಯಾಗಿ ಇನ್ನೊಂದನ್ನು ತಂದೆವು. ಒಂದೇ ಹೊಸ ಹಕ್ಕಿ ಇದ್ದರೆ ಎಲ್ಲರ ಕುಕ್ಕೂ ಅದರ ಮೇಲೆಯೇ. ಹೊಸದನ್ನು ಮೊದಲು 30 ದಿನ ದೂರ ಇಟ್ಟು ಸೀನು, ಕಣ್ಣಿನ ಊತ, ನೀರಾದ ಹಿಕ್ಕೆ ಇದೆಯೇ ಎಂದು ನೋಡಿದೆವು. ಆಮೇಲೆ ಗೂಡಿನ ನಡುವೆ ಜಾಲರಿ ಅಡ್ಡಕಟ್ಟಿ ಹತ್ತು ದಿನ: ಒಂದು ಕಡೆ ಹಳೆಯವು, ಇನ್ನೊಂದು ಕಡೆ ಹೊಸವೆರಡು. ಜಾಲರಿಯ ಎರಡೂ ಬದಿಗೆ ಎದುರುಬದುರಾಗಿ ಆಹಾರದ ತಟ್ಟೆ. ಮೊದಲ ಎರಡು ದಿನ ಹಳೆಯವು ಜಾಲರಿಗೇ ಕುಕ್ಕಿದವು, ನಾಲ್ಕನೇ ದಿನ ಕಡೆಗಣಿಸಿದವು. ಐದನೇ ದಿನ ಎರಡೂ ಕಡೆಯವನ್ನು ಅದಲುಬದಲು ಮಾಡಿದೆವು, ಇದರಿಂದ ‘ಇದು ನನ್ನ ಜಾಗ’ ಎಂಬ ಗಡಿ ಅಳಿಯುತ್ತದೆ. ಹತ್ತನೇ ದಿನ ಸಂಜೆ ಗೂಡು ಪೂರ್ತಿ ಬರಿದು ಮಾಡಿ, ಹಾಸು ಬದಲಿಸಿ, ಕಂತೆ ಪೈಪುಗಳನ್ನು ಬೇರೆ ಜಾಗದಲ್ಲಿಟ್ಟು, ಮೊದಲು ಹೊಸವೆರಡನ್ನು ಬಿಟ್ಟು ಅರ್ಧ ಗಂಟೆ ಕಳೆದು ಹಳೆಯ ಹೆಣ್ಣುಗಳನ್ನು ಬಿಟ್ಟೆವು. ಕತ್ತಲಾಗಲು ಮುಕ್ಕಾಲು ಗಂಟೆ ಇತ್ತು, ಜಗಳಕ್ಕೆ ಸಿಕ್ಕ ಹೊತ್ತು ಅಷ್ಟೇ. ಗಂಡನ್ನು ಮಾತ್ರ ಎರಡು ದಿನ ಹೊರಗಿಟ್ಟು ಕೊನೆಗೆ ಸೇರಿಸಿದ್ದು. ಹೆಣ್ಣುಗಳು ಪರಸ್ಪರ ಹೊಂದಿಕೊಳ್ಳುವ ಮೊದಲೇ ಅದು ಏರಲು ಹೋಗಿದ್ದರೆ ಮತ್ತೆ ಓಟ, ಮತ್ತೆ ಬೆನ್ನಟ್ಟುವಿಕೆ. ಮರುದಿನ ಬೆಳಕು ಹರಿಯುವ ಮೊದಲೇ ಎದುರಿಗೆ ಕೂತಿರಬೇಕು, ಮೊದಲ ಒಂದು ಗಂಟೆಯೇ ಪರೀಕ್ಷೆ. ಕುಟುಕು, ಸಣ್ಣ ಓಟ ಇದ್ದವು. ರಕ್ತ ಇರಲಿಲ್ಲ. ವಾರದೊಳಗೆ ಎಂಟೂ ಒಂದೇ ಕಂತೆಯ ಕೆಳಗೆ ಮಲಗಿದವು.

ಬೇರೆ ಜಾತಿಯ ಹಕ್ಕಿಗಳ ಜೊತೆ ಇಡುವ ಬಗ್ಗೆ ಚುಟುಕಾಗಿ: ಕೋಳಿಯ ಜೊತೆ ಬೇಡ. ಕುಕ್ಕು ತಾಳಲಾರದು ಎಂಬುದು ಒಂದು ಕಾರಣ, ಮುಖ ಊದಿ ಮೂಗು ಸೋರುವ ಕೋರೈಜಾ ರೋಗ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಎಂಬುದು ದೊಡ್ಡ ಕಾರಣ. ಬಟನ್ ಕ್ವೇಲ್ ಎಂದು ಮಾರುವ, ಗುಬ್ಬಿಗಿಂತ ತುಸು ದೊಡ್ಡ ಹಕ್ಕಿಯ ಜೊತೆಗಂತೂ ಬೇಡ, ಜಪಾನಿ ಲಾವಕ್ಕಿ ಅದನ್ನು ಕೊಂದೇಬಿಡುತ್ತದೆ. ಅದು ಗುಂಪಿನ ಹಕ್ಕಿಯೂ ಅಲ್ಲ, ಒಂದು ಗಂಡು ಒಂದು ಹೆಣ್ಣು ಜೋಡಿಯಾಗಿಯೇ ಇರಬೇಕು. ಮಾಂಸಕ್ಕೆ ಬೆಳೆಸುವ ದಪ್ಪ ತಳಿಯನ್ನೂ ಸಾಮಾನ್ಯ ತಳಿಯನ್ನೂ ಬೆರೆಸಿದರೆ ತಟ್ಟೆಯ ಹತ್ತಿರ ಸಣ್ಣವು ಸೋಲುತ್ತವೆ.

ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸಾಕುವವರಿಗೆ ನಮ್ಮ ಸಲಹೆ ಬರೀ ಹೆಣ್ಣುಗಳ ಗುಂಪು. ನಾಲ್ಕರಿಂದ ಆರು ಹೆಣ್ಣು, ಗಂಡೇ ಬೇಡ. ನಸುಕಿನ ನಾಲ್ಕಕ್ಕೆ ಕೂಗು ಇಲ್ಲ, ಬೋಳು ಕತ್ತಿಲ್ಲ, ಮೊಟ್ಟೆ ಅಷ್ಟೇ ಬರುತ್ತದೆ. ಮರಿಯಾಗದು ಎಂಬುದೊಂದೇ ವ್ಯತ್ಯಾಸ. ಹೇಗೂ ಈ ಹಕ್ಕಿ ಕಾವು ಕೂರುವುದನ್ನು ಬಹುಮಟ್ಟಿಗೆ ಮರೆತಿದೆ, ಮರಿ ಬೇಕಾದವರು ಇನ್‌ಕ್ಯುಬೇಟರಿನಲ್ಲಿ 17–18 ದಿನ ಇಡಬೇಕು.

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ನೆಮ್ಮದಿಯ ಗುಂಪಿನಲ್ಲೂ ಒಂದಿಷ್ಟು ಗಲಾಟೆ ಏಳುತ್ತದೆ. ಹಗಲು ಉದ್ದವಾಗುತ್ತದೆ, ಸೆಕೆ ಏರುತ್ತದೆ, ಎರಡೂ ಒಟ್ಟಿಗೆ ಬರುತ್ತವೆ. ಕಲಬುರಗಿ, ರಾಯಚೂರಿನ ಕಡೆ 40 ಡಿಗ್ರಿ ದಾಟಿದಾಗ ಕೊಕ್ಕು ತೆರೆದು ಏದುಸಿರು ಬಿಡುವ ಹಕ್ಕಿಗಳು ನೆರಳಿರುವ ಒಂದೇ ಮೂಲೆಗೆ ಸೇರಿ ಅಲ್ಲಿ ಕಿತ್ತಾಡುತ್ತವೆ. ನೆರಳನ್ನು ಎರಡು ಮೂರು ಕಡೆಗೆ ಹಂಚಿ, ನೆಲದಲ್ಲಿ ಒದ್ದೆ ಗೋಣಿ ಸುತ್ತಿದ ಹೆಂಚುಗಳನ್ನು ದೂರ ದೂರ ಇಟ್ಟರೆ ಗುಂಪು ಹರಡಿಕೊಳ್ಳುತ್ತದೆ. ಗಂಡು ಆಗಲೂ ಅತಿಯಾದರೆ ಎರಡು ವಾರ ಪಕ್ಕದ ಗೂಡಿಗೆ. ಆ ಗೂಡು ಯಾವಾಗಲೂ ಖಾಲಿ, ಸಿದ್ಧ ಇರಬೇಕು. ಗುಂಪಿಗೊಂದು ಗೂಡು ಇದ್ದರೆ ಸಾಲದು, ಹೆಚ್ಚಿಗೆ ಇನ್ನೊಂದು ಬೇಕು.

ಎರಡು ಮೂರು ವರ್ಷಕ್ಕೆ ಈ ಹಕ್ಕಿಗಳ ಆಯಸ್ಸು ಮುಗಿಯುತ್ತಾ ಬರುತ್ತದೆ. ಗುಂಪು ಏಳರಿಂದ ಮೂರಕ್ಕೆ, ಎರಡಕ್ಕೆ ಇಳಿಯುತ್ತದೆ. ಮುದಿ ಹಕ್ಕಿಗಳ ನಡುವೆ ಎಳೆಯವನ್ನು ತುಂಬಬೇಡಿ, ಅವು ಪೆಟ್ಟು ತಾಳವು. ಬದಲಿಗೆ ಕುಗ್ಗಿದ ಎರಡು ಗುಂಪುಗಳ ಹೆಣ್ಣುಗಳನ್ನು ಕೂಡಿಸಿ, ಎರಡಕ್ಕೂ ಪರಿಚಯವಿಲ್ಲದ ಮೂರನೇ ಗೂಡಿನಲ್ಲಿ. ಅದೇ ಹತ್ತು ದಿನದ ಜಾಲರಿ, ಅದೇ ಸಂಜೆಯ ಹೊತ್ತು. ಎರಡು ಗುಂಪಿಗೂ ಗಂಡು ಉಳಿದಿದ್ದರೆ ಒಂದನ್ನೂ ಸೇರಿಸದೆ, ಎರಡನ್ನೂ ಪಕ್ಕದ ಗೂಡುಗಳಲ್ಲಿ ಬೇರೆಬೇರೆಯಾಗಿ ಇಡಿ, ನಡುವೆ ರಟ್ಟಿನ ಮರೆ ಇಟ್ಟು.